ಭಾರತದ ಇತಿಹಾಸದಲ್ಲಿ ನವೆಂಬರ್ 1

ಪಂಚಾಂಗದಲ್ಲಿ ಒಂದು ದಿನಕ್ಕೆ ಮಹತ್ವವು ತಿಥಿ, ವಾರ, ನಕ್ಷತ್ರಗಳಿಂದ ಪ್ರಾಪ್ತವಾಗುತ್ತದೆ. ಇತಿಹಾಸದಲ್ಲಿ ಅದು ಮನುಷ್ಯರು ಮಾಡಿದ ಕಾರ್ಯದಿಂದ ಪ್ರಾಪ್ತವಾಗುತ್ತದೆ. ನವೆಂಬರ್ 1 ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ರಾಜ್ಯೋತ್ಸವ. ಧ್ವಜಾರೋಹಣ, ಮೆರವಣಿಗೆ, ಭಾಷಣ, ಸನ್ಮಾನಗಳಿಂದ ಅಂದು ಶಾಲೆಯ ಅಂಗಳವು ಕಳೆಗಟ್ಟುತ್ತದೆ. ಆದರೆ ಇದೇ ದಿನಾಂಕದಂದು ಭಾರತದ ಇತಿಹಾಸದಲ್ಲಿ ಇನ್ನೂ ಹಲವು ಗಣನೀಯ ಘಟನೆಗಳು ಜರುಗಿವೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಅವು ಒಂದೇ ದಿನಾಂಕಕ್ಕೆ ಬಂದು ಕೂಡಿದುದು ಬಹುಮಟ್ಟಿಗೆ ಆಕಸ್ಮಿಕ. ಆದರೂ ಅವುಗಳನ್ನು ಸಾಲಾಗಿ ಇರಿಸಿ ಅವಲೋಕಿಸಿದರೆ ಒಂದು ಪ್ರಶ್ನೆ ಎದುರು ನಿಲ್ಲುತ್ತದೆ: ಒಂದು ನಾಡಿನ ಜನರು ಯಾರ ಆಳ್ವಿಕೆಯಲ್ಲಿ, ಯಾವ ಎಲ್ಲೆಯೊಳಗೆ ಬಾಳಬೇಕೆಂಬುದನ್ನು ನಿರ್ಧರಿಸುವವರು ಯಾರು?

ರಾಣಿಯ ಘೋಷಣೆ

1857ರ ಮಹಾದಂಗೆಯ ತರುವಾಯ ಭಾರತದ ಆಡಳಿತವನ್ನು ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ತೆಗೆದುಕೊಳ್ಳಲು ಬ್ರಿಟಿಷ್ ಪಾರ್ಲಿಮೆಂಟು ನಿಶ್ಚಯಿಸಿತು. ಆ ಶಾಸನಕ್ಕೆ 1858ನೆಯ ಆಗಸ್ಟ್ 2ರಂದು ಅಂಕಿತ ಬಿದ್ದಿತು. ಅದೇ ವರ್ಷದ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗನು ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಪ್ರಕಟಪಡಿಸಿದನು. ಗವರ್ನರ್ ಜನರಲನಾಗಿದ್ದ ಅವನೇ ಮೊದಲ ವೈಸರಾಯನೂ ಆದನು.

ಘೋಷಣೆಯ ಭಾಷೆ ಉದಾರವಾಗಿತ್ತು. ಇನ್ನು ಮುಂದೆ ರಾಜ್ಯವಿಸ್ತರಣೆಯ ಬಯಕೆಯಿಲ್ಲ. ದೇಶೀಯ ಅರಸರೊಡನೆ ಆದ ಒಪ್ಪಂದಗಳನ್ನು ಗೌರವಿಸಲಾಗುವುದು. ಪ್ರಜೆಗಳ ಧರ್ಮಾಚರಣೆಯಲ್ಲಿ ಕೈಹಾಕುವುದಿಲ್ಲ. ಅರ್ಹತೆಯುಳ್ಳವರಿಗೆ ಜನಾಂಗ, ಮತಗಳ ಭೇದವಿಲ್ಲದೆ ಸರಕಾರಿ ಹುದ್ದೆಗಳು ದೊರೆಯುವುವು ಎಂಬ ವಚನಗಳು ಅದರಲ್ಲಿದ್ದವು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಪಾಲ್ಗೊಂಡವರನ್ನುಳಿದು ದಂಗೆಗಾರರಿಗೆ ಕ್ಷಮೆಯನ್ನೂ ಸಾರಲಾಗಿತ್ತು. ಈ ವಚನಗಳನ್ನು ನಂಬಬೇಡಿರೆಂದು ಅವಧದ ಬೇಗಂ ಹಜರತ್ ಮಹಲಳು ಪ್ರತಿಘೋಷಣೆಯನ್ನು ಹೊರಡಿಸಿದಳು.

ಕನ್ನಡ ನೆಲದ ಮಟ್ಟಿಗೆ ಈ ಔದಾರ್ಯವು ತಡವಾಗಿ ಬಂದಿತ್ತು. ದತ್ತಕಕ್ಕೆ ಅನುಮತಿ ದೊರೆಯದೆ, ಶಸ್ತ್ರಗಳನ್ನು ಒಪ್ಪಿಸುವ ಆಜ್ಞೆಯಿಂದ ಕೆರಳಿ ಬಂಡೆದ್ದ ನರಗುಂದದ ಬಾಬಾಸಾಹೇಬರನ್ನು 1858ನೆಯ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಗಿತ್ತು. ಅದೇ ಬಂಡಾಯದಲ್ಲಿ ಮುಂಡರಗಿಯ ಭೀಮರಾಯರು ಕೊಪ್ಪಳದಲ್ಲಿ ಹೋರಾಡಿ ಮಡಿದಿದ್ದರು. ಐದು ತಿಂಗಳು ಕಳೆಯುವುದರೊಳಗೆ, ಅರಸರ ಹಕ್ಕುಗಳನ್ನು ಮನ್ನಿಸುವೆವೆಂದು ಅದೇ ಪ್ರಭುತ್ವವು ಸಾರಿತು. 1831ರಿಂದ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರಿಗೆ ಮಾತ್ರ ಈ ಹೊಸ ನೀತಿಯ ಫಲವು ಕಾಲಕ್ರಮದಲ್ಲಿ ದೊರೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತಕವು ಮಾನ್ಯವಾಗಿ, 1881ರಲ್ಲಿ ರಾಜ್ಯವು ಅರಸುಮನೆತನಕ್ಕೆ ಮರಳಿತು.

ಹುದ್ದೆಗಳ ವಿಷಯದಲ್ಲಿ ವಚನಕ್ಕೂ ಆಚರಣೆಗೂ ಇದ್ದ ಅಂತರ ದೀರ್ಘವಾದುದು. ಸಿವಿಲ್ ಸರ್ವಿಸ್ ಪರೀಕ್ಷೆಯು ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ ಸಮುದ್ರಯಾನದ ವೆಚ್ಚವನ್ನು ಭರಿಸಬಲ್ಲವರಿಗಷ್ಟೆ ಅದು ನಿಲುಕುತ್ತಿತ್ತು. ಭಾರತದಲ್ಲಿಯೂ ಅದು ನಡೆಯತೊಡಗಿದ್ದು 1922ರಲ್ಲಿ. ಎಂದರೆ ಘೋಷಣೆಯಾಗಿ 64 ವರ್ಷಗಳಾದ ಮೇಲೆ. ಮೇಲಿನಿಂದ ಅನುಗ್ರಹರೂಪವಾಗಿ ಬಂದ ವಚನವನ್ನು ಈಡೇರಿಸಿಕೊಳ್ಳಲು ಪ್ರಜೆಗಳ ಕೈಯಲ್ಲಿ ಯಾವ ಸಾಧನವೂ ಇರಲಿಲ್ಲವೆಂಬುದೇ ಇದರ ತಾತ್ಪರ್ಯ.

ಗದರ್ ಪತ್ರಿಕೆ

ರಾಣಿಯ ಘೋಷಣೆಗೆ 55 ವರ್ಷಗಳು ತುಂಬಿದ ದಿನವೇ, 1913ನೆಯ ನವೆಂಬರ್ 1ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 'ಗದರ್' ಎಂಬ ಉರ್ದು ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಗದರ್ ಎಂದರೆ ದಂಗೆ. 1857ನ್ನು ನಿಂದಿಸಲು ಆಳುವವರು ಬಳಸುತ್ತಿದ್ದ ಪದವನ್ನೇ ಈ ದೇಶಭಕ್ತರು ಅಭಿಮಾನದಿಂದ ಶಿರೋನಾಮೆಯಾಗಿ ಧರಿಸಿದರು. ಲಾಲಾ ಹರದಯಾಳರು ಅದರ ಪ್ರೇರಕರು. ತರುಣ ಕರ್ತಾರ್ ಸಿಂಗ್ ಸರಾಭಾ ಅದರ ಮುದ್ರಣಕಾರ್ಯದಲ್ಲಿ ದುಡಿದವರು. ಹೊಲಗಳಲ್ಲಿಯೂ ಮರದ ಕಾರ್ಖಾನೆಗಳಲ್ಲಿಯೂ ಕೂಲಿ ಮಾಡುತ್ತಿದ್ದ ಪಂಜಾಬಿ ವಲಸೆಗಾರರು ತಮ್ಮ ಗಳಿಕೆಯಲ್ಲಿ ಪಾಲು ತೆಗೆದು ಪತ್ರಿಕೆಯನ್ನು ಸಲಹಿದರು. ಕೆಲವೇ ವಾರಗಳಲ್ಲಿ ಗುರುಮುಖಿ ಆವೃತ್ತಿಯೂ ಆರಂಭವಾಯಿತು. ಈ ಪಕ್ಷವು ಯೋಜಿಸಿದ್ದ ಬಂಡಾಯ ಸಫಲವಾಗಲಿಲ್ಲ. 1915ರಲ್ಲಿ ಸರಾಭಾ ಅವರು ಲಾಹೋರಿನಲ್ಲಿ ಗಲ್ಲಿಗೇರಿದರು.

ಪಾಂಡಿಚೇರಿಯ ಹಸ್ತಾಂತರ

1947ರಲ್ಲಿ ಬ್ರಿಟಿಷರು ನಿರ್ಗಮಿಸಿದರೂ ಫ್ರೆಂಚರ ನೆಲೆಗಳು ಉಳಿದಿದ್ದವು. 1954ನೆಯ ಅಕ್ಟೋಬರ್ 18ರಂದು ಕೀಳೂರು ಎಂಬ ಗ್ರಾಮದಲ್ಲಿ ಅಲ್ಲಿನ ಚುನಾಯಿತ ಪ್ರತಿನಿಧಿಗಳು ಸಭೆ ಸೇರಿದರು. 178 ಮಂದಿಯಲ್ಲಿ 170 ಮಂದಿ ಭಾರತದೊಡನೆ ವಿಲೀನಕ್ಕೆ ಮತವಿತ್ತರು. ವಿರೋಧಿಸಿದವರು 8 ಮಂದಿ. ಅದರಂತೆ ನವೆಂಬರ್ 1ರಂದು ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂಗಳ ಆಡಳಿತವು ಭಾರತಕ್ಕೆ ಬಂದಿತು. ಕಾನೂನುರೀತ್ಯಾ ಹಸ್ತಾಂತರವು 1962ರಲ್ಲಿ ಪೂರ್ಣಗೊಂಡಿತು. ರಕ್ತಪಾತವಿಲ್ಲದೆ, ಮತಗಣನೆಯ ಆಧಾರದ ಮೇಲೆ ಅಧಿಕಾರವು ಕೈಬದಲಾದ ಈ ನಿದರ್ಶನವು 1858ರ ಘೋಷಣೆಯ ಪಕ್ಕದಲ್ಲಿಟ್ಟು ನೋಡತಕ್ಕದ್ದು.

ಭಾಷಾವಾರು ರಾಜ್ಯಗಳು

ಭಾಷೆಗನುಗುಣವಾಗಿ ಪ್ರಾಂತಗಳಿರಬೇಕೆಂಬ ವಿಚಾರವು ಸ್ವಾತಂತ್ರ್ಯಕ್ಕಿಂತ ಹಳೆಯದು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ವೂ ಹರಿದು ಹಂಚಿಹೋಗಿದ್ದ ಜನರಲ್ಲಿ ತಾವು ಒಂದೆಂಬ ಭಾವವನ್ನು ಬೆಳೆಸಿದವು. ಅದಕ್ಕೂ ಮುಂಚೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಶಾಲೆಗಳೇ ಪ್ರಬಲವಾಗಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ್ದರು. ಏಕೀಕರಣದ ಅಸ್ತಿಭಾರವನ್ನು ಮೊದಲು ಹಾಕಿದವರಲ್ಲಿ ಶಾಲಾಮಾಸ್ತರರೂ ಸೇರಿದ್ದಾರೆಂಬುದು ಶಿಕ್ಷಕವರ್ಗವು ನೆನೆಯತಕ್ಕ ಸಂಗತಿ. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತೂ ಸೇರಿತು.

ಸ್ವಾತಂತ್ರ್ಯಾನಂತರ ಕೇಂದ್ರ ನಾಯಕರು ದೇಶದ ಏಕತೆಗೆ ಭಂಗ ಬಂದೀತೆಂದು ಹಿಂಜರಿದರು. ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ 1952ರಲ್ಲಿ ಪ್ರಾಣತ್ಯಾಗ ಮಾಡಿದ ಮೇಲೆ, 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿತು. ಅದೇ ವರ್ಷ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೈಗೊಂಡರು. ಹುಬ್ಬಳ್ಳಿಯಲ್ಲಿ ಜನರು ಉದ್ರಿಕ್ತರಾಗಿ ಬೀದಿಗಿಳಿದರು. ಬಳ್ಳಾರಿಯಲ್ಲಿ ರಂಜಾನ್ ಸಾಬರು ಪ್ರಾಣ ತೆತ್ತರು. ಫಜಲ್ ಅಲಿ, ಹೃದಯನಾಥ ಕುಂಜರು, ಕೆ. ಎಂ. ಪಣಿಕ್ಕರ್ ಇವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವರದಿಯನ್ನೊಪ್ಪಿಸಿತು. ಅದರ ಅನಂತರ ರಚಿತವಾದ ಶಾಸನವು 1956ನೆಯ ನವೆಂಬರ್ 1ರಂದು ಜಾರಿಗೆ ಬಂದು, ಭಾರತದಲ್ಲಿ 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಏರ್ಪಟ್ಟವು. ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳು ರೂಪುಗೊಂಡದ್ದೂ ಅಂದೇ.

ಹಳೆಯ ಮೈಸೂರಿಗೆ ಮುಂಬಯಿ ಪ್ರಾಂತದಿಂದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳೂ, ಹೈದರಾಬಾದಿನಿಂದ ಬೀದರ, ಗುಲ್ಬರ್ಗಾ, ರಾಯಚೂರುಗಳೂ, ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲವೂ, ಅವುಗಳೊಡನೆ ಕೊಡಗೂ ಸೇರಿದವು. ಇವುಗಳಲ್ಲಿ ಕೆಲವು ಜಿಲ್ಲೆಗಳ ಕೆಲವು ತಾಲ್ಲೂಕುಗಳು ಅನ್ಯ ರಾಜ್ಯಗಳಿಗೆ ಹೋದವು. ಎಸ್. ನಿಜಲಿಂಗಪ್ಪನವರು ವಿಶಾಲ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದರು. ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಅದು ಕರ್ನಾಟಕವಾದದ್ದು 17 ವರ್ಷಗಳ ತರುವಾಯ, 1973ನೆಯ ನವೆಂಬರ್ 1ರಂದು, ಆಗ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದರು.

ಅನಂತರದ ದಶಕಗಳಲ್ಲಿಯೂ ಈ ದಿನಾಂಕವು ರಾಜ್ಯಗಳ ಜನ್ಮದಿನವಾಗಿಯೇ ಮುಂದುವರಿಯಿತು. 1966ರಲ್ಲಿ ಪಂಜಾಬಿನಿಂದ ಹರಿಯಾಣವೂ, 2000ದಲ್ಲಿ ಮಧ್ಯಪ್ರದೇಶದಿಂದ ಛತ್ತೀಸಗಢವೂ ನವೆಂಬರ್ 1ರಂದೇ ಬೇರ್ಪಟ್ಟವು. ಒಂದೇ ಭಾಷೆಯವರು ಒಂದೇ ರಾಜ್ಯದಲ್ಲಿರಬೇಕೆಂಬುದು ಎಲ್ಲ ಕಾಲಕ್ಕೂ ಕೊನೆಯ ಮಾತಲ್ಲ. 1956ರಲ್ಲಿ ಆಂಧ್ರದೊಡನೆ ಕೂಡಿದ ತೆಲಂಗಾಣವು 2014ರಲ್ಲಿ ಬೇರೆಯಾಯಿತು. ಭಾಷೆಯೊಂದಿಗೆ ನೀರು, ನೌಕರಿ, ಶಿಕ್ಷಣಗಳ ಸಮಪಾಲೂ ಬೇಕೆಂಬುದನ್ನು ಅದು ತೋರಿಸಿಕೊಟ್ಟಿತು.

ಉಳಿದ ಕಾರ್ಯ

ಈ ಎಚ್ಚರಿಕೆ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಎಲ್ಲೆಯ ಆಚೆಗೆ ಉಳಿದರು. 1967ರ ಮಹಾಜನ ಆಯೋಗದ ವರದಿಯನ್ನು ಮಹಾರಾಷ್ಟ್ರವು ಒಪ್ಪಲಿಲ್ಲ. 2004ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಒಳಗೆ ಸೇರಿದವರ ಸ್ಥಿತಿಯೂ ಸಮನಾಗಲಿಲ್ಲ. ಪ್ರೊ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದು ಗುರುತಿಸಲ್ಪಟ್ಟವು; ಅತಿ ಹಿಂದುಳಿದವುಗಳಲ್ಲಿ ಹೆಚ್ಚಿನವು ಉತ್ತರ ಭಾಗದವು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371-ಜೆ ವಿಧಿಯ ಮೂಲಕ ವಿಶೇಷ ಸ್ಥಾನಮಾನ ಬಂದದ್ದು ಏಕೀಕರಣವಾಗಿ ಅರ್ಧಶತಮಾನವು ಕಳೆದ ಮೇಲೆ.

ರಾಣಿಯ ಘೋಷಣೆಗೂ ರಾಜ್ಯ ಪುನರ್ವಿಂಗಡಣೆಗೂ ಇರುವ ಭೇದ ಇಲ್ಲಿಯೇ ಇದೆ. ಮೊದಲನೆಯದು ಕೊಟ್ಟವರ ವಚನ. ಅದು ಈಡೇರದಿದ್ದಾಗ ಪ್ರಜೆಗಳು ಬೇಡಬೇಕಾಯಿತು, ಇಲ್ಲವೆ ಬಂಡೇಳಬೇಕಾಯಿತು. ಎರಡನೆಯದು ಜನರೇ ಕೇಳಿ ಪಡೆದ ವ್ಯವಸ್ಥೆ. ಅದರ ಕೊರತೆಯನ್ನು ತುಂಬುವ ಅಧಿಕಾರವೂ ಹೊಣೆಯೂ ಜನರದೇ. ವಿದ್ಯಾರ್ಥಿಗೆ ನವೆಂಬರ್ 1ರ ಪಾಠವನ್ನು ಹೇಳುವಾಗ ಇಸವಿಗಳನ್ನು ಕಂಠಪಾಠ ಮಾಡಿಸಿದರೆ ಸಾಲದು. ನಿರ್ಧರಿಸಿದವರು ಯಾರು, ಕೇಳಲ್ಪಟ್ಟವರು ಯಾರು, ಹೊರಗೆ ಉಳಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಘಟನೆಗೂ ಹಾಕುವುದನ್ನು ಕಲಿಸಬೇಕು. ಹಾಗೆ ಕಲಿತವನು ರಾಜ್ಯೋತ್ಸವದ ಧ್ವಜಕ್ಕೆ ವಂದಿಸಿದ ಬಳಿಕ, ತನ್ನ ತಾಲ್ಲೂಕಿನ ಶಾಲೆ, ಆಸ್ಪತ್ರೆ, ಕೆರೆಗಳ ಸ್ಥಿತಿಯನ್ನೂ ವಿಚಾರಿಸುವನು. ಅಂಥ ವಿಚಾರದಿಂದಲೇ ಏಕೀಕರಣದ ಉಳಿದ ಕಾರ್ಯವು ಮುಂದುವರಿಯಬೇಕಾಗಿದೆ.