ಹಳೆ ಜೀಪಿಗೆ ಮೊದಲು ಬೇಕಿರುವುದು ದೊಡ್ಡ ಟೈರಲ್ಲ

ಇಳಕಲ್ಲಿನ ಗ್ರಾನೈಟ್ ಕ್ವಾರಿ, ಹುನಗುಂದದ ಎರಿ ಹೊಲ, ಬಾದಾಮಿಯ ಗುಡ್ಡದ ಸಾಲು, ಮಲಪ್ರಭೆಯ ಮರಳು. ಬಾಗಲಕೋಟೆ ಜಿಲ್ಲೆಯಲ್ಲಿ ಒಂದೇ ದಿನದಲ್ಲಿ ಇಷ್ಟು ಬಗೆಯ ನೆಲವನ್ನು ದಾಟಬಹುದು. ಹಾಗಾಗಿ ಮಹೀಂದ್ರಾದ ಹಳೆಯ ಎಂಎಂ 540, ಮೇಜರ್, ಕಮಾಂಡರ್ ಜೀಪುಗಳ ಮೇಲಿನ ಪ್ರೀತಿ ಇಲ್ಲಿ ಹೋಗಿಲ್ಲ. ಹಳೆಯದೊಂದು ಜೀಪು ಕೊಂಡು, ಗ್ಯಾರೇಜಿಗೆ ಬಿಟ್ಟು, ಹೊಸದರಂತೆ ಮಾಡಿಸಬೇಕೆಂಬ ಆಸೆ ಅನೇಕ ಹುಡುಗರಿಗಿದೆ. ಆಸೆ ಒಳ್ಳೆಯದೇ. ಬಾಯಿಂದ ಬಾಯಿಗೆ ಬಂದ ಕೆಲವು ನಂಬಿಕೆಗಳಿಂದಾಗಿ ಹಣ ಮಾತ್ರ ಸಲ್ಲದ ಕಡೆ ಹೋಗುತ್ತಿದೆ.

ನಂಬಿಕೆ: “ಥರ್ಮೋಸ್ಟಾಟ್ ತೆಗದು ಒಗಿರಿ, ಎಂಜಿನ್ ತಣ್ಣಗ ಇರತೈತಿ.”

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ ಸಲಹೆ ಇದು, ಅತಿ ಹೆಚ್ಚು ಹಾನಿ ಮಾಡುವುದೂ ಇದೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಊರಿನಲ್ಲಿ ಎಂಜಿನ್ ಕಾಯುತ್ತದೆಂಬ ಭಯ ಸಹಜ. ಆದರೆ ಥರ್ಮೋಸ್ಟಾಟ್ ಇರುವುದು ನೀರನ್ನು ತಡೆಯಲಿಕ್ಕಲ್ಲ, ಎಂಜಿನ್ನನ್ನು ಸರಿಯಾದ ಬಿಸಿಯಲ್ಲಿ ಇಡಲಿಕ್ಕೆ. ನೀರು ಸುಮಾರು 80 ಡಿಗ್ರಿ ದಾಟಿದ ಮೇಲೆ ಅದು ತಾನೇ ತೆರೆದು ರೇಡಿಯೇಟರಿಗೆ ದಾರಿ ಬಿಡುತ್ತದೆ. ಅದನ್ನು ಕಿತ್ತು ಹಾಕಿದರೆ ಎಂಜಿನ್ ಬೆಳಗಿನ ಹೊತ್ತು ಬಿಸಿಯಾಗಲು ತಡವಾಗುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಡೀಸೆಲ್ ರಿಂಗುಗಳ ಸಂದಿನಿಂದ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ, ಬೋರ್ ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸ್ ಕೊಳವೆಯಲ್ಲೇ ಸುತ್ತುತ್ತದೆ. ಆಗ ಕಾವು ಇಳಿಯುವ ಬದಲು ಏರುತ್ತದೆ.

ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ನೋಡುವುದು ಕಷ್ಟವಲ್ಲ. ಬಿಚ್ಚಿ ತೆಗೆದು, ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ. ನೀರು ಕುದಿಯಲು ಬರುವ ಮುನ್ನವೇ ಅದರ ನಡುವಿನ ಬಿಲ್ಲೆ ಮೆಲ್ಲಗೆ ಮೇಲೆದ್ದರೆ ಅದು ಚೆನ್ನಾಗಿದೆ. ಏಳದಿದ್ದರೆ ಹೊಸದು ಹಾಕಿಸಿ, ಖಾಲಿ ಬಿಡಬೇಡಿ.

ಹಾಗಾದರೆ ಹಳೆ ಜೀಪು ನಿಜಕ್ಕೂ ಯಾಕೆ ಕಾಯುತ್ತದೆ? ಹೆಚ್ಚಿನ ಸಲ ಕಾರಣ ನೀರೇ. ಈ ಭಾಗದ ಬೋರ್ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದಾಗ ಬೇರ್ಪಟ್ಟು, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ ಬ್ಲಾಕಿನ ಒಳಗೂ ಕಟ್ಟಿಕೊಳ್ಳುತ್ತವೆ. ದಾರಿಯಲ್ಲಿ ಸಿಕ್ಕ ಪಂಪಿನ ನೀರನ್ನು ವರ್ಷಗಟ್ಟಲೆ ತುಂಬಿಸಿದ ಜೀಪಿನ ರೇಡಿಯೇಟರ್ ಹೊರಗೆ ನೋಡಲು ಚೆಂದ, ಒಳಗೆ ಅರ್ಧ ಮುಚ್ಚಿರುತ್ತದೆ. ಕೂಲೆಂಟ್ ಕಾಶ್ಮೀರದಂತಹ ಚಳಿಯ ಊರಿಗೆ ಮಾತ್ರ ಎಂಬ ಮಾತೂ ತಪ್ಪು. ಅದು ಕುದಿಯುವ ಬಿಂದುವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಬೇಕು. ರೇಡಿಯೇಟರ್ ಮುಚ್ಚಳದ ರಬ್ಬರ್ ಒಣಗಿದ್ದರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಯಾರೋ ಎಂದೋ ಬಿಚ್ಚಿ ಎಸೆದಿದ್ದರೆ ಅದನ್ನು ಮತ್ತೆ ಕೂಡಿಸಿ. ಇವೆಲ್ಲಕ್ಕೂ ಆಗುವ ಖರ್ಚು ನಾಲ್ಕು ದೊಡ್ಡ ಟೈರುಗಳ ಬೆಲೆಗಿಂತ ಬಹಳ ಕಡಿಮೆ.

ನಂಬಿಕೆ: “ಫೋರ್ ವೀಲ್ ಐತಿ, ಎಲ್ಲೂ ಸಿಗಬೀಳೂದಿಲ್ಲ.”

ಮೊದಲನೆಯದಾಗಿ, ಜೀಪೆಂದರೆಲ್ಲ ಫೋರ್ ವೀಲ್ ಅಲ್ಲ. ಬಾಡಿಗೆಗೆ ಓಡಿದ ಹಳೆಯ ಜೀಪುಗಳಲ್ಲಿ ಹಿಂದಿನ ಗಾಲಿ ಮಾತ್ರ ಎಳೆಯುವವೇ ಹೆಚ್ಚು. ಕೊಳ್ಳುವ ಮುನ್ನ ಕೆಳಗೆ ಬಗ್ಗಿ ನೋಡಿ. ಮುಂದಿನ ಆಕ್ಸಲ್‌ನಲ್ಲಿ ಡಿಫ್ರೆನ್ಷಿಯಲ್‌ನ ಉಬ್ಬು ಇಲ್ಲದಿದ್ದರೆ ಅದು ಫೋರ್ ವೀಲ್ ಅಲ್ಲ, ಮಾರುವವರು ಏನೇ ಹೇಳಲಿ.

ಇದ್ದರೂ ಅದಕ್ಕೊಂದು ಮಿತಿಯಿದೆ. ಲಾಕ್ ಇಲ್ಲದ ಸಾಮಾನ್ಯ ಡಿಫ್ರೆನ್ಷಿಯಲ್ ಜಾರುವ ಗಾಲಿಯನ್ನೇ ಸುಮ್ಮನೆ ತಿರುಗಿಸುತ್ತದೆ. ಮುಂದೊಂದು, ಹಿಂದೊಂದು ಗಾಲಿ ಎರಿ ಕೆಸರಿನಲ್ಲಿ ಜಾರತೊಡಗಿದರೆ ಉಳಿದೆರಡು ಗಾಲಿ ಗಟ್ಟಿ ನೆಲದ ಮೇಲಿದ್ದರೂ ಜೀಪು ಅಲ್ಲೇ ನಿಲ್ಲುತ್ತದೆ. ಮಳೆಯಾದ ಮರುದಿನದ ಎರಿ ಮಣ್ಣು ಟೈರಿನ ಹಲ್ಲುಗಳ ಸಂದಿಯಲ್ಲಿ ತುಂಬಿಕೊಂಡರೆ ಎಂತಹ ಟೈರೂ ಬೋಳು ಟೈರೇ. ಅಂತಹ ದಿನ ಹೊಲದ ದಾರಿಗೆ ಇಳಿಯದಿರುವುದೇ ಲೇಸು.

ಇನ್ನೊಂದು ತಪ್ಪು ಡಾಂಬರು ರಸ್ತೆಯಲ್ಲಿ ಆಗುತ್ತದೆ. ಬಾಗಲಕೋಟೆಯಿಂದ ಬಾದಾಮಿವರೆಗೆ ಫೋರ್ ವೀಲ್ ಹಾಕಿಕೊಂಡೇ ಹೋದರೆ ಹಿಡಿತ ಹೆಚ್ಚುತ್ತದೆ ಎಂದು ತಿಳಿದವರಿದ್ದಾರೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ಜೀಪುಗಳ ಟ್ರಾನ್ಸ್‌ಫರ್ ಕೇಸು ಮುಂದಿನ, ಹಿಂದಿನ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿದುಬಿಡುವುದರಿಂದ ಆ ವ್ಯತ್ಯಾಸಕ್ಕೆ ಎಡೆಯಿಲ್ಲ. ಕೆಸರಿನಲ್ಲಿ ಗಾಲಿ ಜಾರಿ ಅದು ಸರಿಹೋಗುತ್ತದೆ. ಒಣ ರಸ್ತೆಯಲ್ಲಿ ಜಾರಲಾಗದೆ ಶಾಫ್ಟುಗಳು ಹುರಿಗೊಳ್ಳುತ್ತವೆ. ಸ್ಟೇರಿಂಗ್ ಭಾರವಾಗುತ್ತದೆ, ಲಿವರ್ ಹಿಡಿದು ಎಳೆದರೂ ಬರುವುದಿಲ್ಲ. ಹಾಗೆ ಸಿಕ್ಕಿಕೊಂಡಾಗ ಲಿವರಿನ ಮೇಲೆ ಬಲ ಹಾಕಬೇಡಿ, ಜೀಪನ್ನು ಕೆಲವು ಅಡಿ ರಿವರ್ಸ್ ತೆಗೆದುಕೊಳ್ಳಿ. ಬಿಗಿ ಸಡಿಲಾಗಿ ಲಿವರ್ ತಾನೇ ಬರುತ್ತದೆ.

ನಂಬಿಕೆ: “ಡೀಸೆಲ್ ಎಂಜಿನ್ನಿಗೆ ನೀರಿನ ಭಯ ಇಲ್ಲ.”

ಸ್ಪಾರ್ಕ್ ಪ್ಲಗ್ ಇಲ್ಲ ನಿಜ, ಆದರೆ ಗಾಳಿ ಬೇಕಲ್ಲ. ಏರ್ ಫಿಲ್ಟರಿನ ಬಾಯಿಗೆ ನೀರು ಮುಟ್ಟಿದರೆ ಅದು ಸಿಲಿಂಡರಿಗೆ ಇಳಿಯುತ್ತದೆ. ನೀರನ್ನು ಗಾಳಿಯಂತೆ ಅದುಮಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ಬಂದಾದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದೇ ದೊಡ್ಡ ಅಪಾಯ.

ಯಾರೂ ಗಮನಿಸದ ಭಾಗ ಆಕ್ಸಲ್ ಹೌಸಿಂಗಿನ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ, ಬೆರಳ ತುದಿಯಷ್ಟು ಚಿಕ್ಕದು. ಓಡಿ ಕಾದ ಆಕ್ಸಲ್ ಹಳ್ಳದ ನೀರಿಗಿಳಿದಾಗ ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ. ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಕೆಲವು ದಿನ ಬಿಟ್ಟು ಡ್ರೈನ್ ನಟ್ ಬಿಚ್ಚಿದರೆ ಗೇರ್ ಆಯಿಲ್ ಹಾಲು ಬೆರೆತ ಚಹಾದ ಬಣ್ಣದಲ್ಲಿ ಇಳಿಯುತ್ತದೆ. ಅದೇ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗು, ಕ್ರೌನ್ ಪಿನಿಯನ್ ಎರಡೂ ಹಾಳು. ಬ್ರೀದರಿಗೆ ರಬ್ಬರ್ ಪೈಪ್ ಜೋಡಿಸಿ ಬಾನೆಟ್ ಎತ್ತರಕ್ಕೆ ಒಯ್ದು ಕಟ್ಟಿಸುವುದು ಹಳೆ ಜೀಪಿಗೆ ಮಾಡಬಹುದಾದ ಅತಿ ಅಗ್ಗದ, ಅತಿ ಉಪಯುಕ್ತ ಸುಧಾರಣೆ. ನೀರು ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ಒತ್ತುತ್ತ ಸ್ವಲ್ಪ ದೂರ ಹೋಗಬೇಕು, ತೊಯ್ದ ಡ್ರಮ್ ಬ್ರೇಕು ಹಿಡಿಯುವುದಿಲ್ಲ.

ಅಂದಹಾಗೆ, 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದಳು. ಹರಿಯುವ ಹೊಳೆಗೆ ಜೀಪು ಇಳಿಸುವ ಸಾಹಸ ಯಾವ ತಯಾರಿಯ ಮೇಲೂ ಬೇಡ.

ನಂಬಿಕೆ: “ದೊಡ್ಡ ಟೈರ್, ಎರಡು ಪಾಟಾ ಹೆಚ್ಚಿಗಿ, ಆತಲ್ಲ ಆಫ್‌ರೋಡ್ ಗಾಡಿ.”

ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಸೇರಿಸಿದರೆ ಜೀಪು ಎತ್ತರವಾಗುತ್ತದೆ, ಜೊತೆಗೆ ಬಿರುಸೂ ಆಗುತ್ತದೆ. ಬಿರುಸಾದ ಪಾಟಾ ಬಾಗುವುದಿಲ್ಲ, ಕಲ್ಲಿನ ಮೇಲೆ ಗಾಲಿ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಅದರ ಕೀಲಿನ ಕ್ರಾಸ್ ಬೇಗ ಹೋಗುತ್ತದೆ. ಟೈರಿನ ಎತ್ತರ 28 ಇಂಚಿನಿಂದ 31ಕ್ಕೆ ಏರಿಸಿದರೆ ಮೀಟರು 60 ತೋರಿಸುವಾಗ ನಿಜವಾದ ವೇಗ 66ರಷ್ಟಿರುತ್ತದೆ. ಅದೇ ಹಳೆಯ ಡ್ರಮ್ ಬ್ರೇಕು ಅಷ್ಟು ಭಾರದ ಗಾಲಿಯನ್ನು ನಿಲ್ಲಿಸಬೇಕು. ಹಳೆಯ ಅನೇಕ ಜೀಪುಗಳಲ್ಲಿ ಬ್ರೇಕಿಗೆ ಒಂದೇ ಲೈನು. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಗಾಲಿಯ ಬ್ರೇಕು ಹೋಗುತ್ತದೆ. ಆದ್ದರಿಂದ ಹೊಸ ಬ್ರೇಕ್ ಹೋಸು, ಮಾಸ್ಟರ್ ಸಿಲಿಂಡರ್ ಮೊದಲು, ಟೈರು ಆಮೇಲೆ. ಮರಳಿನಲ್ಲಿ ದೊಡ್ಡ ಟೈರಿಗಿಂತ ಇರುವ ಟೈರಿನ ಗಾಳಿ ಇಳಿಸುವುದೇ ಹೆಚ್ಚು ಕೆಲಸ ಮಾಡುತ್ತದೆ. ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಿಸಬೇಕು.

ನಂಬಿಕೆ: “15 ವರ್ಷ ಆತು, ಇನ್ನ ಗುಜರಿಗೆ.”

ಹತ್ತು ವರ್ಷದ ಡೀಸೆಲ್ ಗಾಡಿಯ ಮೇಲಿನ ನಿರ್ಬಂಧ ದೆಹಲಿ ಸುತ್ತಿನದು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುವ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಖಾಸಗಿ ಜೀಪು ತಪಾಸಣೆಯಲ್ಲಿ ಪಾಸಾದರೆ ಕರ್ನಾಟಕದಲ್ಲಿ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬಹುದು.

ಆದರೆ ಮನಬಂದಂತೆ ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಂಜಿನ್ ಬದಲಿಸುವುದಿದ್ದರೆ ಮೊದಲೇ ಆರ್‌ಟಿಒ ಅನುಮತಿ ಬೇಕು, ಹಾಕಿಸಿ ಆಮೇಲೆ ಬರೆಸುತ್ತೇನೆಂದರೆ ಆಗದು. ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಲವರು ಆಸೆಯಿಂದ ಬಳಿಸುವ ಮಿಲಿಟರಿ ಹಸಿರು ಬಣ್ಣವೂ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಗ್ಯಾರೇಜಿಗೆ ಮುಂಗಡ ಕೊಡುವ ಮುನ್ನ ಆರ್‌ಸಿ ಹಿಡಿದು ಎಂಜಿನ್, ಚಾಸಿ ನಂಬರುಗಳನ್ನು ಒಂದೊಂದೇ ಅಂಕೆ ಹೋಲಿಸಿ ನೋಡಿ. ತಾಳೆಯಾಗದಿದ್ದರೆ ಆ ಜೀಪನ್ನು ಕೊಳ್ಳಬೇಡಿ.