ಮುಖಕ್ಷೌರದ ಮೊದಲ ಪಾಠ

ಹೈಸ್ಕೂಲಿನ ಮೇಲಿನ ತರಗತಿಗಳಿಗೆ ಪಾಠ ಹೇಳುವ ಉಪಾಧ್ಯಾಯರಿಗೆ ಸೋಮವಾರದ ಬೆಳಗ್ಗೆ ಕಾಣಸಿಗುವ ಒಂದು ನೋಟವುಂಟು. ಮೇಲ್ದುಟಿಯ ಮೇಲೆ ಈಗತಾನೇ ಕಪ್ಪು ಮೂಡಿದ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ. ಗದ್ದದ ಮೇಲೆ ಎರಡು, ಕೊರಳ ಮೇಲೆ ಒಂದು, ಹೀಗೆ ವೃತ್ತಪತ್ರಿಕೆಯ ಚೂರುಗಳು ಅಂಟಿಕೊಂಡಿರುತ್ತವೆ. ಹಿಂದಿನ ದಿನ ಭಾನುವಾರ, ತಂದೆಯ ರೇಜರು ಬಚ್ಚಲುಮನೆಯ ಗೂಡಿನಲ್ಲಿತ್ತು, ಹತ್ತಿರ ಯಾರೂ ಇರಲಿಲ್ಲ ಎಂಬಿಷ್ಟನ್ನು ಕೇಳದೆಯೇ ತಿಳಿದುಕೊಳ್ಳಬಹುದು.

ಚುಂಚನಕಟ್ಟೆಯ ಸೀಮೆಯ ಹುಡುಗರಿಗೆ ಈಜು ಕಲಿಸುವುದಕ್ಕೆ ಹಿರಿಯರಿದ್ದಾರೆ. ಕಾವೇರಿಯ ಯಾವ ಮಡುವಿಗೆ ಇಳಿಯಬಹುದು, ಯಾವ ಬಂಡೆ ಜಾರುತ್ತದೆ, ಜಲಪಾತದ ತಲೆಯಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಬೈದಾದರೂ ಕಲಿಸುತ್ತಾರೆ. ಆದರೆ ಹರಿತವಾದ ಉಕ್ಕಿನ ಅಲಗನ್ನು ಸ್ವಂತ ಕೊರಳ ಮೇಲೆ ಎಳೆದುಕೊಳ್ಳುವ ವಿದ್ಯೆಗೆ ಮಾತ್ರ ಗುರುವಿಲ್ಲ. ಅಪ್ಪನಿಗೆ ಸಂಕೋಚ, ಮಗನಿಗೆ ನಾಚಿಕೆ.

ಇದಕ್ಕೆ ಕಾರಣವಿಲ್ಲದಿಲ್ಲ. ಮೂರು ನಾಲ್ಕು ತಲೆಮಾರಿನ ಹಿಂದಿನವರೆಗೂ ನಮ್ಮ ಹಳ್ಳಿಗಳಲ್ಲಿ ಮುಖಕ್ಷೌರವು ಮನೆಯವರು ತಾವೇ ಮಾಡಿಕೊಳ್ಳುವ ಕೆಲಸವಾಗಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರರಂತೆ ಕ್ಷೌರಿಕರೂ ಊರಿನ ಆಯಗಾರರು. ಅವರು ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಜಗಲಿಗೆ ಬರುತ್ತಿದ್ದರು. ಸುಗ್ಗಿಯಲ್ಲಿ ಅವರ ಪಾಲಿನ ಭತ್ತವನ್ನು ಕಣದಲ್ಲಿಯೇ ಅಳೆದುಕೊಡುವುದು ವಾಡಿಕೆ. (ಹಡಪವೆಂದರೆ ಎಲೆಯಡಿಕೆಯ ಸಂಚಿ ಎಂಬರ್ಥವೂ ಉಂಟು, 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣನವರ ಹೆಸರಿನಲ್ಲಿರುವುದು ಆ ಅರ್ಥ.) ಅವರ ಕೈಯಲ್ಲಿದ್ದುದು ಕಾವಲಿಲ್ಲದ ತೆರೆದ ಕತ್ತಿ. ಸಂಸ್ಕೃತದಲ್ಲಿ ಅದು ಕ್ಷುರ. ಕ್ಷೌರ, ಕ್ಷೌರಿಕ ಎಂಬ ಮಾತುಗಳಿಗೆ ಅದೇ ಮೂಲ. ಆತ್ಮಜ್ಞಾನದ ದಾರಿ ಎಷ್ಟು ಕಠಿನವೆಂದು ಹೇಳಬೇಕಾದಾಗ ಕಠೋಪನಿಷತ್ತು ಹೋಲಿಕೆಗೆ ಆರಿಸಿಕೊಂಡುದೂ ಈ ಕ್ಷುರದ ಅಂಚನ್ನೇ. ಅಂಥ ಆಯುಧವನ್ನು ಮಸೆದು, ಚರ್ಮದ ಪಟ್ಟಿಗೆ ತಿಕ್ಕಿ, ಇನ್ನೊಬ್ಬರ ಗಂಟಲ ಮೇಲೆ ನಿರಾಯಾಸವಾಗಿ ಓಡಿಸುವ ಕೈಗೆ ವರ್ಷಗಟ್ಟಲೆಯ ಅಭ್ಯಾಸವಿತ್ತು. ಅಂಗಡಿಯಿಂದ ರೇಜರು ಮನೆಗೆ ಬಂದಿತೇ ಹೊರತು ಆ ಅಭ್ಯಾಸ ಅದರ ಜೊತೆಯಲ್ಲಿ ಬರಲಿಲ್ಲ.

ಕತ್ತಿಗೆ ಕಾವಲು ಹಾಕುವ ಯೋಚನೆ ಹಳೆಯದು. ಫ್ರಾನ್ಸಿನಲ್ಲಿ ಪೆರೆ ಎಂಬಾತನು 18ನೆಯ ಶತಮಾನದಲ್ಲಿಯೇ ಬಡಗಿಯ ಹತ್ತರಿಯ ಮಾದರಿಯಲ್ಲಿ ಅಲಗಿಗೆ ಮರದ ಒರೆಯೊಂದನ್ನು ತೊಡಿಸಿದ್ದನು. 1880ರಲ್ಲಿ ನ್ಯೂಯಾರ್ಕಿನ ಕಾಂಫೆ ಸಹೋದರರು ಅಡ್ಡ ಹಿಡಿಯಿರುವ ರೇಜರೊಂದಕ್ಕೆ ಪೇಟೆಂಟು ಪಡೆದರು. ಆದರೆ ಅಲಗನ್ನು ಮತ್ತೆ ಮತ್ತೆ ಮಸೆಯುವ ಕಷ್ಟ ತಪ್ಪಲಿಲ್ಲ. ಅದನ್ನು ತಪ್ಪಿಸಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಸೀಸೆಯ ಬಿರಟೆಗಳನ್ನು ಮಾರುವ ಕಂಪನಿಯಲ್ಲಿ ಊರೂರು ತಿರುಗುವ ನೌಕರಿ ಮಾಡಿದ್ದ ಈತನಿಗೆ 1895ರಲ್ಲಿ ಹೊಳೆದದ್ದು ಇಷ್ಟೇ: ಮಸೆಯುವುದೇಕೆ, ಮೊಂಡಾದುದನ್ನು ಬಿಸಾಡಬಾರದೇಕೆ? ಕಾಗದದಂತೆ ತೆಳುವಾದ ಉಕ್ಕಿಗೆ ಹದವೂ ಹರಿತವೂ ಬರುವಂತೆ ಮಾಡುವ ಉಪಾಯವನ್ನು ವಿಲಿಯಂ ನಿಕರ್‌ಸನ್ ಎಂಬ ಎಂಜಿನಿಯರು ಕಂಡುಹಿಡಿಯುವ ಹೊತ್ತಿಗೆ ವರ್ಷಗಳು ಉರುಳಿದವು. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷವೇ ರೇಜರುಗಳ ಸಂಖ್ಯೆ 90,000ವನ್ನು ದಾಟಿತು. ಅದೇ 1904ರಲ್ಲಿ ಪೇಟೆಂಟೂ ದೊರೆಯಿತು. ಒಂದನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ತನ್ನ ಸಿಪಾಯಿಗಳಿಗೆ ಇದನ್ನು ಹಂಚಿದ ಮೇಲಂತೂ ಲಕ್ಷಾಂತರ ಜನಕ್ಕೆ ಕೈಗೆ ಹಿಡಿದ ಅಭ್ಯಾಸವಾಯಿತು. ಈಗ ಮೂರು ನಾಲ್ಕು ಅಲಗಿನ ಪ್ಲಾಸ್ಟಿಕ್ ರೇಜರುಗಳೂ ವಿದ್ಯುತ್ತಿನ ಟ್ರಿಮ್ಮರುಗಳೂ ಬಂದಿವೆ. ಆದರೂ ಎರಡಂಚಿನ ಬ್ಲೇಡು ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ, ಒಂದು ಲೋಟ ಕಾಫಿಗಿಂತ ಕಡಮೆ ಬೆಲೆಗೆ ಸಿಗುತ್ತದೆ. ಬಡ ವಿದ್ಯಾರ್ಥಿಗೆ ಇದೇ ಒಪ್ಪುವ ಸಾಧನವೆಂದು ನನ್ನ ಅಭಿಪ್ರಾಯ.

ಇನ್ನು ಅದರ ರಚನೆ. ಮೇಲೊಂದು ಡೊಂಕಾದ ಮುಚ್ಚಳ, ಕೆಳಗೆ ಹಲ್ಲೋ ಪಟ್ಟಿಯೋ ಇರುವ ತಟ್ಟೆ, ಅದಕ್ಕೊಂದು ಹಿಡಿ. ನಡುವೆ ಬ್ಲೇಡನ್ನಿಟ್ಟು ಹಿಡಿಯನ್ನು ತಿರುಗಿಸಿದರೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ ದಪ್ಪವಿರುವ ಆ ಉಕ್ಕಿನ ಹಾಳೆ ಬಿಲ್ಲಿನಂತೆ ಬಾಗಿ ಬಿಗಿಯಾಗುತ್ತದೆ. ಅಂಚು ಮಾತ್ರ ಕೂದಲೆಳೆಯಷ್ಟು ಹೊರಗೆ ಕಾಣುತ್ತದೆ. ಬ್ಲೇಡನ್ನು ಹಿಡಿಯಬೇಕಾದುದು ಹರಿತವಿಲ್ಲದ ಎರಡು ಕಿರುಬದಿಗಳಿಂದ, ಒಣಗಿದ ಕೈಯಿಂದ. ಕೈಜಾರಿ ಬಿದ್ದರೆ ಬೀಳಲಿ. ಗಾಳಿಯಲ್ಲಿ ಹಿಡಿಯಲು ಹೋಗಬಾರದು.

ಬಡಗಿಯು ಹತ್ತರಿ ಹೊಡೆಯುವುದನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಉಳಿ ಸರಿಯಾದ ಓರೆಯಲ್ಲಿದ್ದರೆ ಮರದ ಹೆರೆ ಸುರುಳಿಸುರುಳಿಯಾಗಿ ಏಳುತ್ತದೆ. ಓರೆ ಕೆಟ್ಟರೆ ಎಷ್ಟು ಬಲ ಹಾಕಿದರೂ ಮರ ಸಿಬಿರೇಳುತ್ತದೆಯೇ ಹೊರತು ನಯವಾಗದು. ರೇಜರಿನ ರಹಸ್ಯವೂ ಇದೇ. ಮೊದಲು ಮುಚ್ಚಳವನ್ನು ಕೆನ್ನೆಯ ಮೇಲೆ ಒರಗಿಸಿ, ಹಿಡಿ ಮುಖಕ್ಕೆ ನೇರವಾಗಿ ಹೊರಚಾಚಿರುವಂತೆ ಇಟ್ಟುಕೊಳ್ಳಿ. ಈ ಸ್ಥಿತಿಯಲ್ಲಿ ಅಂಚು ಚರ್ಮವನ್ನು ಮುಟ್ಟದು. ಹಿಡಿಯನ್ನು ಮೆಲ್ಲಮೆಲ್ಲನೆ ಕೆಳಗಿಳಿಸುತ್ತ ಬನ್ನಿ. ಒಂದು ಘಟ್ಟದಲ್ಲಿ ಅಂಚು ಕೂದಲನ್ನು ಕಚ್ಚುವುದು ಕೈಗೆ ತಿಳಿಯುತ್ತದೆ, ಸರಸರ ಎಂಬ ಸಣ್ಣ ಸದ್ದು ಕಿವಿಗೂ ಬೀಳುತ್ತದೆ. ಅಲಗಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿಯ ಆ ಓರೆಯೇ ಸರಿಯಾದ ಓರೆ. ಆ ಸದ್ದಿನ ಕಡೆಗೆ ಗಮನವಿರಲಿ. ನಮ್ಮೂರ ಕೋದಂಡರಾಮನ ಗರ್ಭಗುಡಿಯೊಳಗೆ ನಿಂತರೆ ಹೊರಗಿನ ಜಲಪಾತದ ಮೊರೆತ ಕೇಳಿಸದೆಂದು ಜನ ಹೇಳುವರಷ್ಟೆ. ಕಲಿಯುವವನು ಬಚ್ಚಲುಮನೆಯಲ್ಲಿ ಅಂಥದೊಂದು ನಿಶ್ಶಬ್ದವನ್ನು ಮಾಡಿಕೊಂಡು, ಮೊಬೈಲಿನ ಹಾಡನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು ಮೇಲು.

ಒತ್ತಬಾರದು. ಈ ಒಂದು ಮಾತನ್ನು ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ಪ್ಲಾಸ್ಟಿಕ್ ರೇಜರು ಹಗುರ, ಅದನ್ನು ಒತ್ತಿ ಎಳೆಯುವ ರೂಢಿ. ಲೋಹದ ರೇಜರಿಗಾದರೋ ತನ್ನ ತೂಕವೇ ಸಾಕು. ಹಿಡಿಯ ತುದಿಯನ್ನು ಬೆರಳುಗಳಿಂದ ಮೃದುವಾಗಿ ಹಿಡಿದು, ಒಂದೊಂದು ಅಂಗುಲದ ಪುಟ್ಟ ಎಳೆತಗಳಲ್ಲಿ ಅದನ್ನು ನಡೆಸಿದರೆ ಕೆಲಸವಾಯಿತು. ಇದಕ್ಕೆ ‘ಸುರಕ್ಷಿತ’ವೆಂಬ ವಿಶೇಷಣ ಸೇರಿರುವುದರಿಂದ ಅದು ತನ್ನಷ್ಟಕ್ಕೆ ತಾನು ಗಾಯ ಮಾಡದೆಂದು ಹಲವರು ನಂಬಿದ್ದಾರೆ. ಕಾವಲಿನ ತಟ್ಟೆ ತಡೆಯುವುದು ಆಳವಾದ ಗಾಯವನ್ನು ಮಾತ್ರ. ಒತ್ತಿದರೂ ಅಡ್ಡಡ್ಡ ಜಾರಿಸಿದರೂ ಬ್ಲೇಡು ತನ್ನ ಸ್ವಭಾವವನ್ನು ಬಿಡದು. ಮೊದಲ ಎರಡು ಸಲ ಬ್ಲೇಡೇ ಇಲ್ಲದ ರೇಜರಿನಿಂದ ನೊರೆಯನ್ನಷ್ಟೇ ತೆಗೆದು ಕೈ ಪಳಗಿಸಿಕೊಳ್ಳುವುದು ಒಳ್ಳೆಯ ಉಪಾಯ. ಅನಂತರ ಒಂದು ವಾರ ಸಮತಟ್ಟಾದ ಕೆನ್ನೆಗಳು. ಗದ್ದ, ಮೇಲ್ದುಟಿ, ಗಂಟಲಮಣಿ ಇವು ಆಮೇಲೆ.

ಕತ್ತಿಗಿಂತ ಮೊದಲು ನೀರು. ಚುಂಚ ಚುಂಚಿಯರ ಆಶ್ರಯದಲ್ಲಿ ರಾಮಲಕ್ಷ್ಮಣರು ಇಲ್ಲಿದ್ದಾಗ, ಲಕ್ಷ್ಮಣನು ಬಂಡೆಗೆ ಬಾಣ ಬಿಟ್ಟು ಸೀತೆಯ ಸ್ನಾನಕ್ಕೆ ನೀರು ತಂದನೆಂದೂ, ಆಕೆಯ ಎಣ್ಣೆ, ಅರಿಶಿನ, ಸೀಗೆಯ ಬಣ್ಣ ಇಂದಿಗೂ ನೀರಿನಲ್ಲಿ ಕಾಣುವುದೆಂದೂ ನಮ್ಮ ಸ್ಥಳಪುರಾಣ. ಅಂಥ ಊರಿನವರು ಒಣಗಡ್ಡಕ್ಕೆ ಸೋಪು ಸವರಿಕೊಂಡು ಕೆರೆಯುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಒಣಗೂದಲು ಗಡುಸು, ಎರಡು ಮೂರು ನಿಮಿಷ ಬಿಸಿನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳಿರೆಂದು ಪಾಶ್ಚಾತ್ಯರು ಹೇಳುವುದು ಇದಕ್ಕಾಗಿಯೇ. ನಮ್ಮಲ್ಲಿಯಾದರೋ ಕ್ಷೌರವಾದ ಮೇಲೆ ಸ್ನಾನ. ಅಜ್ಜಿಯಿರುವ ಮನೆಯಲ್ಲಿ ಇದನ್ನು ತಿರುಗುಮುರುಗು ಮಾಡುವಂತಿಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ. ಹಂಡೆಯ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವಲನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿಟ್ಟುಕೊಂಡರೆ ಶಾಸ್ತ್ರವೂ ಉಳಿಯಿತು, ಚರ್ಮವೂ ಉಳಿಯಿತು. ಬಳಿಕ ಬ್ರಷ್ಷಿನಿಂದ ಸೋಪನ್ನು ಕಲಸಿ, ಮೊಸರಿನಂತೆ ಗಟ್ಟಿಯಾದ ನೊರೆಯನ್ನು ಕೂದಲ ಬುಡಕ್ಕೆ ಹತ್ತಿಸಬೇಕು.

ಕೂದಲು ಯಾವ ಕಡೆಗೆ ವಾಲಿದೆಯೆಂದು ನೋಡಿಕೊಳ್ಳದೆ ಕತ್ತಿ ಹಾಕುವುದು ಸಲ್ಲದು. ಗಾಳಿಮಳೆಗೆ ಒರಗಿದ ಭತ್ತದ ಗದ್ದೆಗೆ ಇಳಿದ ಕುಯಿಲಿನವರು ಪೈರು ಬಿದ್ದ ದಿಕ್ಕನ್ನು ನೋಡಿಯೇ ಕುಡುಗೋಲು ಹಾಕುವರು. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ. ನುಣುಪಾಗಿ ಜಾರುವ ದಿಕ್ಕೇ ಕೂದಲಿನ ಇಳಿಜಾರು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕೊರಳಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ರೀತಿ. ಕೆಲವರಿಗೆ ಸುಳಿಯೇ ಇರುತ್ತದೆ. ಕಲಿಯುವವರು ಇಳಿಜಾರಿನ ದಿಕ್ಕಿನಲ್ಲಿ ಒಂದು ಸಲ ತೆಗೆದರೆ ಸಾಕು. ಬೇಕೆನಿಸಿದರೆ ಹೊಸದಾಗಿ ನೊರೆ ಹಚ್ಚಿ ಅಡ್ಡಲಾಗಿ ಇನ್ನೊಂದು ಸಲ. ಎದುರುಮುಖವಾಗಿ ಎಳೆದರೆ ಎಳೆಯ ಚರ್ಮದಲ್ಲಿ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಗಳೇಳುತ್ತವೆ. ಮೊಡವೆಯಿರುವ ಕಡೆ ಬಳಸಿಕೊಂಡು ಹೋಗಬೇಕು. ಅಯ್ಯಪ್ಪನ ಮಾಲೆ ಹಾಕಿ 41 ದಿನ ಗಡ್ಡ ಬಿಟ್ಟವರು ಸಂಕ್ರಾಂತಿಯ ವೇಳೆಗೆ ಹಿಂದಿರುಗಿ ನೇರವಾಗಿ ರೇಜರು ಹಿಡಿಯುವುದುಂಟು. ಮೊದಲು ಕತ್ತರಿಯಿಂದ ಮೋಟು ಮಾಡಿಕೊಳ್ಳದಿದ್ದರೆ ಕೂದಲು ಅಲಗಿಗೆ ಸಿಕ್ಕಿ ಕಿತ್ತುಬರುತ್ತದೆ.

ಮುಗಿದ ಮೇಲೆ ತಣ್ಣೀರು, ಆಮೇಲೆ ಒದ್ದೆ ಮಾಡಿದ ಪಟಿಕದ ತುಂಡು. ಇದು ಕ್ಷೌರಿಕರ ಪೆಟ್ಟಿಗೆಯಿಂದ ನಮಗೆ ದೊರೆತ ಮೇಲಾದ ವಸ್ತು. ಚರ್ಮವನ್ನು ಕುಗ್ಗಿಸಿ ಸಣ್ಣ ರಕ್ತಸ್ರಾವವನ್ನು ಕಟ್ಟಿಸುತ್ತದೆ. ಎಲ್ಲಿ ಚುರುಗುಟ್ಟುವುದೋ ಅಲ್ಲಿ ಕೈ ಬಿಗಿಯಾಯಿತೆಂದು ತಿಳಿಯಬಹುದು. ಹಾಗಾಗಿ ಅದು ಔಷಧವೂ ಹೌದು, ಪರೀಕ್ಷಕನೂ ಹೌದು. ವೃತ್ತಪತ್ರಿಕೆಯ ಚೂರನ್ನು ಓದುವುದಕ್ಕೆ ಬಿಡಿ.

ಪದೇ ಪದೇ ತೆಗೆದರೆ ಮೀಸೆ ದಟ್ಟವಾಗುವುದೆಂದು ಅವಸರಪಡುವ ಹುಡುಗರಿದ್ದಾರೆ. 1928ರಷ್ಟು ಹಿಂದೆಯೇ ಅಮೆರಿಕದ ಅಂಗರಚನಾ ವಿದುಷಿ ಮಿಲ್ಡ್ರೆಡ್ ಟ್ರಾಟರ್ ಇದನ್ನು ಪರೀಕ್ಷಿಸಿ, ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಹೆಚ್ಚುವುದಿಲ್ಲವೆಂದು ಪ್ರಕಟಿಸಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ, ಅಷ್ಟೆ.

ಬ್ಲೇಡು ಎಷ್ಟು ದಿನ ಬಾಳುತ್ತದೆ? ಐದಾರು ಸಲ ಎನ್ನಬಹುದು. ಕೂದಲು ಎಳೆದಂತಾದರೆ ಅದಕ್ಕೂ ಮೊದಲೇ ಬದಲಾಯಿಸಬೇಕು. ಉಕ್ಕಿಗಿಂತ 50 ಪಾಲು ಮೆತ್ತಗಿರುವ ಕೂದಲು ಉಕ್ಕನ್ನು ಹೇಗೆ ಸವೆಸುತ್ತದೆಂಬುದು ಬಹುಕಾಲದ ಒಗಟಾಗಿತ್ತು. ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದಾಗ, ಬಾಗಿದ ಕೂದಲು ಅಂಚಿನ ದುರ್ಬಲ ಜಾಗಗಳಲ್ಲಿ ಪುಟ್ಟ ಚಕ್ಕೆಗಳನ್ನು ಎಬ್ಬಿಸುವುದು ಕಂಡುಬಂದಿತು. ಒಬ್ಬರ ಬ್ಲೇಡನ್ನು ಇನ್ನೊಬ್ಬರು, ಅಣ್ಣತಮ್ಮಂದಿರಾದರೂ ಹಾಸ್ಟೆಲಿನ ಗೆಳೆಯರಾದರೂ, ಉಪಯೋಗಿಸಲೇಬಾರದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ಹರಡಬಲ್ಲದು. ಸೆಲೂನಿನಲ್ಲಿಯೂ ಹೊಸ ಅರ್ಧ ಬ್ಲೇಡನ್ನು ಕಣ್ಣೆದುರಿಗೇ ಹಾಕಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಹಳೆಯ ಬ್ಲೇಡು ಏನಾಗುತ್ತದೆ? ಜಿಲೆಟ್ ಬಿಸಾಡಿರೆಂದನೇ ಹೊರತು ಎಲ್ಲಿಗೆಂದು ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಅದು ಬಚ್ಚಲ ಕಿಟಕಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕಸದೊಡನೆ ತಿಪ್ಪೆಗೆ, ತಿಪ್ಪೆಯಿಂದ ಗೊಬ್ಬರದೊಡನೆ ಗದ್ದೆಗೆ ಹೋಗುತ್ತದೆ. ಕೃಷ್ಣರಾಜನಗರದ ಸೀಮೆ ಭತ್ತದ ಕಣಜವೆಂದು ಹೆಸರಾದುದು. ಆ ಗದ್ದೆಗಳ ಕೆಸರಿನಲ್ಲಿ ಹೆಂಗಸರು ಬರಿಗಾಲಿನಲ್ಲಿ ನಿಂತು ನಾಟಿ ಹಾಕುತ್ತಾರೆ. ದನಗಳ ಪಾಡು ಇನ್ನೂ ಕಷ್ಟ. ಹಸು ಎತ್ತುಗಳು ಮೇವನ್ನು ಅಗಿಯದೆ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿಗಳು. ಹುಲ್ಲಿನೊಡನೆ ಹೋದ ಮೊಳೆ, ತಂತಿ, ಲೋಹದ ಚೂರು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ತಂಗುತ್ತವೆ. ಆ ಕೋಣೆಗೂ ಹೃದಯಕ್ಕೂ ನಡುವೆ ತೆಳುವಾದ ತೆರೆಯೊಂದೇ ಅಡ್ಡ. ಚೂಪಾದ ವಸ್ತು ಅದನ್ನು ಚುಚ್ಚಿ ಹೃದಯವನ್ನು ಮುಟ್ಟಿದರೆ ದನ ಬದುಕುವುದು ದುರ್ಲಭ. ಸಂಕ್ರಾಂತಿಯ ಸುಮಾರಿನಲ್ಲಿ ನಡೆಯುವ ನಮ್ಮ ಜಾತ್ರೆಗೆ ಜೋಡಿ ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ತರುವ ರೈತನು ಅವಕ್ಕೆ ಹುರುಳಿ, ಹಿಂಡಿ ತಿನ್ನಿಸಿ ಮಕ್ಕಳಂತೆ ಸಾಕಿರುತ್ತಾನೆ.

ಆದುದರಿಂದ ಮೊದಲ ಬ್ಲೇಡನ್ನು ಕೊಳ್ಳುವ ದಿನವೇ ಒಂದು ತಗಡಿನ ಡಬ್ಬಿಯನ್ನೂ ಗೊತ್ತುಮಾಡಿಕೊಳ್ಳಿ. ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿಸಿ, ಮುಚ್ಚಳ ಕಳಚದಂತೆ ಬಿಗಿಸಿ, ಚಿಕ್ಕ ಮಕ್ಕಳ ಕೈಗೆಟುಕದ ಗೂಡಿನಲ್ಲಿಡಿ. ಅಂಗೈಯಗಲದ ಡಬ್ಬಿ ತುಂಬುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ತುಂಬಿದಾಗ ಸೀಳಿಗೆ ಗಟ್ಟಿಯಾಗಿ ಪಟ್ಟಿ ಸುತ್ತಿ, ಮೇಲೆ ‘ಬ್ಲೇಡು’ ಎಂದು ದಪ್ಪಕ್ಷರದಲ್ಲಿ ಬರೆದು, ಕಸದ ಗಾಡಿಯವರ ಕೈಗೆ ಬೇರೆಯಾಗಿಯೇ, ಒಳಗೇನಿದೆಯೆಂದು ಬಾಯಲ್ಲಿಯೂ ಹೇಳಿ ಕೊಡಿ.