ಕುಂಟುಕೋಳಿಯ ವಿಚಾರಣೆ

ಟೊಮೆಟೊ ಮುಗಿದ ಹೊಲದಿಂದ ಹೊತ್ತು ತಂದ ನೀಲಗಿರಿ ಕಡ್ಡಿಗಳು ಹಿತ್ತಿಲ ಗೋಡೆಗೆ ಒರಗಿವೆ. ಗಿಡ ಎತ್ತಿ ಕಟ್ಟಿದ್ದ ಪ್ಲಾಸ್ಟಿಕ್ ದಾರ ಅರ್ಧ ಕಡ್ಡಿಗಳಲ್ಲೇ ಉಳಿದಿದೆ, ಇನ್ನರ್ಧ ತಿಪ್ಪೆ ಸೇರಿದೆ. ಶ್ರೀನಿವಾಸಪುರದಿಂದ ಒಳಗಿರುವ ಈ ಊರಿನ ಮಾವಿನ ತೋಪುಗಳ ಮೇಲೆ ಬಿಸಿಲು ಇಳಿಯುತ್ತಿದೆ. ಕೋಳಿಗಳೆಲ್ಲ ತಿಪ್ಪೆ ಕೆದರುತ್ತಿದ್ದರೆ ಕೆಂದುಬಣ್ಣದ ಹೇಂಟೆಯೊಂದು ಮಾತ್ರ ಹುಣಸೆ ಬುಡದಲ್ಲಿ ಎಡಗಾಲು ಎತ್ತಿಕೊಂಡು ನಿಂತಿದೆ. ಎರಡು ಸಲ ಕುಪ್ಪಳಿಸಿತು, ಕೂತುಬಿಟ್ಟಿತು. ರಾಗಿ ಎರಚಿದಾಗ ಎಲ್ಲಕ್ಕಿಂತ ಕೊನೆಗೆ ಬಂತು. ಬಂದದ್ದೇ ತಡ, ಇನ್ನೊಂದು ಕೋಳಿ ತಲೆಗೆ ಕುಕ್ಕಿ ಓಡಿಸಿತು.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕಟ್ಟಳೆ ಇದೆ ಎಂದು ನಾರ್ವೆಯ ಶೆಲ್ಡೆರುಪ್-ಎಬ್ಬೆ 1921ರ ಹೊತ್ತಿಗೆ ಬರೆದು ಹೆಸರಾದ. ರಾಗಿ ಎರಚುವ ಹೆಂಗಸರಿಗೆ ಅದು ಎಂದಿನಿಂದಲೂ ಗೊತ್ತು. ಕಾಲು ಹೋದ ಕೋಳಿ ನೋವಿಗಿಂತ ಮೊದಲು ಹಸಿವಿಗೆ ಸೊರಗುತ್ತದೆ, ನೀರಿನ ಬಾನಿಯ ಹತ್ತಿರಕ್ಕೂ ಅದನ್ನು ಬಿಡುವುದಿಲ್ಲ.

"ಈಗ ಅಟ್ಟಿಸಿಕೊಂಡು ಹೋಗಬ್ಯಾಡ. ಇನ್ನೊಂದು ಕಾಲೂ ಹೋಗ್ತದೆ," ಎಂದರು ಅತ್ತೆ. ಅವರು ಕೋಳಿಯನ್ನು ಬೈಯುವುದು ತೆಲುಗಿನಲ್ಲಿ, ಸೊಸೆಗೆ ಹೇಳುವುದು ಕನ್ನಡದಲ್ಲಿ. ಈ ಗಡಿ ತಾಲ್ಲೂಕುಗಳಲ್ಲಿ ಅದೇನೂ ವಿಶೇಷವಲ್ಲ.

ಕತ್ತಲಾದ ಮೇಲೆ ಮಂಕರಿ ಎತ್ತಿದರೆ ಕೋಳಿ ಮಿಸುಕುವುದಿಲ್ಲ. ಸೊಸೆ ಅದರ ರೆಕ್ಕೆಗಳನ್ನು ಕಂಕುಳಿಗೆ ಅವುಚಿಕೊಂಡು, ತಲೆಗೆ ಸೆರಗು ಮುಚ್ಚಿ, ಜಗಲಿಯಲ್ಲಿ ಕೂತಳು. ಮೊಮ್ಮಗ ಮೊಬೈಲಿನ ಬೆಳಕು ಹಿಡಿದ. ಅತ್ತೆ ಮೊದಲು ಮುಟ್ಟಿದ್ದು ನೆಟ್ಟಗಿರುವ ಕಾಲನ್ನು. ಅದರ ಬಿಸಿ ಎಷ್ಟು, ದಪ್ಪ ಎಷ್ಟು ಎಂದು ಗೊತ್ತಾಗದೆ ಕೆಟ್ಟ ಕಾಲಿನ ಊತ ತಿಳಿಯುವುದಾದರೂ ಹೇಗೆ? ತೊಡೆ ಹಿಸುಕಿದರು, ಕೋಳಿ ಸುಮ್ಮನಿತ್ತು. ಮಂಡಿ ಮಡಿಸಿ ಬಿಡಿಸಿದರು, ಲಟಕ್ಕೆಂಬ ಸದ್ದಿಲ್ಲ, ಮೂಳೆ ಮುರಿದಿಲ್ಲ. ಕಾಲಿನ ಹುರುಪೆ ಸುಣ್ಣ ಮೆತ್ತಿದ ಹಾಗೆ ಎದ್ದಿದ್ದರೆ ಅದು ಹುರುಪೆಯೊಳಗೆ ಗೂಡು ಮಾಡುವ ನುಸಿಯ ಕೆಲಸ. ಸೀಮೆಎಣ್ಣೆ ಹಚ್ಚುವವರಿದ್ದಾರೆ, ಚರ್ಮ ಸುಡುವ ಆ ಉಪಚಾರ ನನಗೆ ಒಪ್ಪಿಗೆಯಿಲ್ಲ. ಕೊಬ್ಬರಿ ಎಣ್ಣೆಯನ್ನು ಆಗಾಗ ದಪ್ಪಗೆ ಹಚ್ಚಿದರೂ ನುಸಿ ಉಸಿರುಗಟ್ಟಿ ಸಾಯುತ್ತದೆ. ಈ ಕೋಳಿಗೆ ಅದೂ ಇರಲಿಲ್ಲ.

ಅಂಗಾಲು ತಿರುಗಿಸಿದರು. ಕೋಲಾರ ಜಿಲ್ಲೆಯಲ್ಲಿ ಕುಂಟಿಗೂ ಊರಿನ ಗುರುತಿರುತ್ತದೆ. ಮಾಲೂರು ಕಡೆ ಇಟ್ಟಿಗೆ, ಹೆಂಚಿನ ಚೂರು ಚುಚ್ಚಿಕೊಳ್ಳುತ್ತದೆ. ಮುಳಬಾಗಿಲಿನ ಬಂಡೆ ಸೀಮೆಯಲ್ಲಿ ಎತ್ತರದಿಂದ ಕಲ್ಲಿನ ಮೇಲೆ ಧುಮುಕಿ ಅಂಗಾಲು ಜಜ್ಜಿಹೋಗುತ್ತದೆ. ಜಾಲಿಮುಳ್ಳು ಎಲ್ಲ ಕಡೆಯೂ ಇದೆ. ಒಡೆದ ಚರ್ಮದಲ್ಲಿ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣು ಸೇರಿ, ನಡುವೆ ಕಪ್ಪು ಹಕ್ಕಳೆ ಕಟ್ಟಿ, ಒಳಗೆ ಗಟ್ಟಿ ಕೀವು ತುಂಬುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕಾಲು ನೆನೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಕಟ್ಟುವವರೆಗೆ ಮನೆಯವರ ಕೆಲಸ. ಬ್ಲೇಡು ಹಾಕುವುದು ಪಶುವೈದ್ಯರಿಗೆ ಬಿಟ್ಟದ್ದು.

"ಇಲ್ಲಿ ನೋಡು!" ನಡುಬೆರಳ ಬುಡದಲ್ಲಿ ಸಣ್ಣ ಗೆರೆ. ಟೊಮೆಟೊ ದಾರದ ಎಳೆ ಬಿಗಿದು ಬಿಗಿದು ಮಾಂಸದೊಳಗೆ ಇಳಿದಿದೆ, ಬೆರಳ ತುದಿ ಊದಿ ಕಪ್ಪಾಗುತ್ತಿದೆ. ಎಳೆದರೆ ಇನ್ನೂ ಕೊಯ್ಯುತ್ತದೆ. ಕಾಲು ನೆನೆಸಿ, ಸೂಜಿಮೊನೆಯಲ್ಲಿ ಎಳೆ ಎತ್ತಿ, ರವಿಕೆ ಹೊಲಿಯುವ ಚಿಕ್ಕ ಕತ್ತರಿಯಿಂದ ಸೊಸೆ ಒಂದೊಂದಾಗಿ ಕತ್ತರಿಸಿದಳು. ಕೋಳಿ ಒಮ್ಮೆ ಒದೆಯಿತು, ಅಷ್ಟೆ.

ಹಳ್ಳಿಯವರು ಹೆದರುವ ಕುಂಟು ಬೇರೆ. ಗಾಯವಿಲ್ಲ, ಊತವಿಲ್ಲ, ಒಂದು ಕಾಲು ಮುಂದಕ್ಕೆ ಇನ್ನೊಂದು ಹಿಂದಕ್ಕೆ ಚಾಚಿ ಎಳೆಯ ಕೋಳಿ ಬಿದ್ದಿರುತ್ತದೆ. ಹಂಗೇರಿಯ ಯೋಜೆಫ್ ಮಾರೆಕ್ 1907ರಲ್ಲಿ ಹುಂಜಗಳಲ್ಲಿ ಕಂಡು ಬರೆದ ಈ ವೈರಸ್ ರೋಗ ನರಕ್ಕೆ ಬೀಳುತ್ತದೆ. ಇದಕ್ಕೆ ಔಷಧವಿಲ್ಲ. ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆ ಹ್ಯಾಚರಿಯ ಮರಿಗೆ ಸಿಗುತ್ತದೆ, ಹಿತ್ತಿಲಲ್ಲಿ ಕಾವು ಕೂತು ಎದ್ದ ಮರಿಗೆ ಎಲ್ಲಿಂದ ಬರಬೇಕು? ಕುತ್ತಿಗೆ ತಿರುಚಿ, ಹಸಿರು ಹಿಕ್ಕೆ ಹಾಕುತ್ತಾ ಕಾಲು ಸೋತರೆ ಕೊಕ್ಕರೆ ರೋಗದ ಅನುಮಾನ. ಅದರ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲೇ ತಯಾರಿಸುತ್ತಾರೆ. ಆರೋಗ್ಯದ ಕೋಳಿಗೆ ಮುಂಚೆಯೇ ಹಾಕಿಸಿದ್ದರೆ ಉಂಟು, ಬಿದ್ದ ಮೇಲೆ ಹಾಕಿಸಿ ಫಲವಿಲ್ಲ. ಇಂಥ ಕೋಳಿಯನ್ನು ತಕ್ಷಣ ಬೇರೆ ಇಟ್ಟು ಪಶು ಆಸ್ಪತ್ರೆಗೆ ತಿಳಿಸಬೇಕು.

ದಾರದ ಕೋಳಿಗೆ ಅಷ್ಟೆಲ್ಲ ಬೇಕಿಲ್ಲ. ಒಣ ರಾಗಿ ಹುಲ್ಲು ಹಾಸಿದ ಮಂಕರಿಯಲ್ಲಿ, ಏರಿ ಕೂರಲು ಎತ್ತರ ಸಿಗದ ಹಾಗೆ, ಒಂಟಿಯಾಗಿ ಇಟ್ಟರು. ಕೊಕ್ಕಿಗೆ ಎಟುಕುವಂತೆ ನೀರು, ನೆನೆಸಿದ ರಾಗಿ, ಒಂದಿಷ್ಟು ಸೊಪ್ಪು. ಮನೆಯಲ್ಲಿರುವ ಜ್ವರದ ಮಾತ್ರೆ ಪುಡಿ ಮಾಡಿ ಕೊಡಲೇ ಎಂದಳು ಸೊಸೆ. ಅತ್ತೆ ಬೇಡವೆಂದರು. ಡಾಕ್ಟರು ಆಂಟಿಬಯೋಟಿಕ್ ಕೊಟ್ಟರೆ ಅವರು ಹೇಳಿದಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನುವಂತಿಲ್ಲ.

"ಬೆರಳು ಉಳೀತದಾ ಅತ್ತೆ?"

"ತುದಿ ಒಣಗಿ ಉದುರಬಹುದು. ಉಳಿದ ಬೆರಳಲ್ಲಿ ಕೆದರ್ತದೆ ಬಿಡು. ನಾಳೆ ಆ ಕಡ್ಡಿಗಳ ದಾರ ಎಲ್ಲ ಬಿಚ್ಚಿ ಚೀಲಕ್ಕೆ ತುಂಬಿಬಿಡಬೇಕು."

"ಭಾನುವಾರ ನಿಮ್ಮ ಮಗ ಸಾರಿಗೆ ಕೋಳಿ ಕೇಳ್ತಿದ್ದರು. ಇದು ಹೇಗೂ ಕುಂಟು ಅಂತ..."

"ಮರಿ ಮಾಡೋ ಹೇಂಟೆ ಇದು. ಹುಂಜ ಎರಡಿವೆಯಲ್ಲ, ಬೇಕಾದ್ದನ್ನ ಅವನೇ ಹಿಡ್ಕೊಳ್ಳಲಿ."